ಗೇರ್ ಕರಕರ, ಆದರೆ ತಪ್ಪು ಗೇರ್‌ಬಾಕ್ಸ್‌ದಲ್ಲ

ರಿವರ್ಸ್ ಹಾಕಿದಾಗಲೆಲ್ಲ ಕರ್ರ್ ಅಂತ ಸದ್ದು. ವಾರದಲ್ಲಿ ಫಸ್ಟ್ ಗೇರ್ ಕೂಡ ಬಿಗಿಯಾಯಿತು. ಗೇರ್‌ಬಾಕ್ಸ್ ಹೋಯಿತು ಅಂತಲೇ ಹೆದರಿದ್ದೆ.

ಬಿಚ್ಚಿಸುವ ಮೊದಲು ಎಂಜಿನ್ ಆಫ್ ಮಾಡಿ ನೋಡಿದೆ. ಎಲ್ಲ ಗೇರೂ ಸಲೀಸಾಗಿ ಬಿದ್ದವು. ಎಂಜಿನ್ ಆನ್ ಇದ್ದಾಗ ಮಾತ್ರ, ಕ್ಲಚ್ ಪೂರ್ತಿ ತುಳಿದು 10 ಸೆಕೆಂಡ್ ಕಾದರೂ ಅದೇ ಕರಕರ. ಅಂದರೆ ಕ್ಲಚ್ ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ, ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ತಿರುಗುತ್ತಲೇ ಇದೆ. ಗಾಡಿ ಓಡುವಾಗ ಒಂದೇ ಗೇರ್ ಸದ್ದು ಮಾಡಿದ್ದರೆ ಸಿಂಕ್ರೋನೈಸರ್ (ಗೇರ್ ಸೇರುವ ಮೊದಲು ವೇಗ ಹೊಂದಿಸುವ ಭಾಗ) ಮೇಲೆ ಅನುಮಾನ ಪಡುತ್ತಿದ್ದೆ.

ಪೆಡಲನ್ನು ನಾಲ್ಕೈದು ಸಲ ಪಟಪಟ ಒತ್ತಿ ರಿವರ್ಸ್ ಹಾಕಿದೆ. ಸದ್ದೇ ಇಲ್ಲ! ಹಾಗಾದರೆ ತೊಂದರೆ ಹೈಡ್ರಾಲಿಕ್‌ನದ್ದೇ, ಅಂದರೆ ಪೆಡಲ್ ಒತ್ತಡವನ್ನು ದ್ರವದ ಮೂಲಕ ಕ್ಲಚ್‌ಗೆ ಮುಟ್ಟಿಸುವ ವ್ಯವಸ್ಥೆಯದ್ದೇ ಅಲ್ವಾ? ಬಾನೆಟ್ ತೆಗೆದರೆ ಫ್ಲೂಯಿಡ್ ಗೆರೆಗಿಂತ ಕೆಳಗಿತ್ತು. ಆ ದ್ರವದ ಒತ್ತಡದಿಂದ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟನ್ನು (ಮುಚ್ಚಳದಂಥ ಕವಚ) ಬೆರಳಲ್ಲಿ ಎತ್ತಿದೆ, ಕಪ್ಪು ದ್ರವ ತೊಟ್ಟಿಕ್ಕಿತು.

ಮೊದಲು ಸುಮ್ನೆ ಫ್ಲೂಯಿಡ್ ತುಂಬಿದ್ದು ನನ್ನ ಪೆದ್ದತನ. ಎರಡೇ ದಿನ ಬಂತು. ಆಮೇಲೆ ಸಿಲಿಂಡರನ್ನೇ ಬದಲಾಯಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ಡಾಟ್ 4 ಫ್ಲೂಯಿಡ್ (ಬ್ರೇಕ್ ಫ್ಲೂಯಿಡ್‌ನ ಒಂದು ದರ್ಜೆ) ಹಾಕಿ ಪೈಪಿನೊಳಗಿನ ಗಾಳಿ ತೆಗೆದೆ. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಬ್ಲೀಡರ್ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಮತ್ತೆ ಬಿಗಿಮಾಡಬೇಕು, ಗುಳ್ಳೆ ನಿಲ್ಲುವ ತನಕ. ಈ ದ್ರವ ಪೇಂಟ್ ತಿನ್ನುತ್ತದೆ, ಹುಷಾರು. ಈಗ ಪೆಡಲ್ ಗಟ್ಟಿಯಾಗಿದೆ, ರಿವರ್ಸ್ ತಕರಾರಿಲ್ಲದೆ ಬೀಳುತ್ತಿದೆ.