ಮೋಡ ಮುಸುಕಿದ ತಿಂಗಳುಗಳಲ್ಲಿ ಮನಸ್ಸು ಕುಗ್ಗಿದರೆ: ಮೊದಲು ಬೆಳಕನ್ನು ಸರಿಮಾಡಿ

ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಯಾರಿಗಾದರೂ ಬೇಸರ ಬರುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನವೇ ಅದು ಹೋಗಿಬಿಟ್ಟರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಋತುಮಾನದ ಖಿನ್ನತೆ ಹಾಗಲ್ಲ. ಅದು ವರ್ಷವರ್ಷವೂ ಹೆಚ್ಚುಕಡಿಮೆ ಅದೇ ತಿಂಗಳಲ್ಲಿ ಬಂದು ವಾರಗಟ್ಟಲೆ ಕೂರುತ್ತದೆ, ಋತು ತಿರುಗಿದ ಮೇಲೆ ತಾನಾಗಿ ಇಳಿಯುತ್ತದೆ. ಹತ್ತು ಗಂಟೆ ಮಲಗಿದರೂ ನಿದ್ದೆ ಸಾಲದು. ಸಿಹಿ ಮತ್ತು ಪಿಷ್ಟದ ತಿನಿಸಿನ ಮೇಲೆ ಆಸೆ ಹೆಚ್ಚಿ ತೂಕ ಏರುತ್ತದೆ. ಕೈಕಾಲಿಗೆ ಕಲ್ಲು ಕಟ್ಟಿದಂತೆ ಭಾರ. ಫೋನ್ ರಿಂಗಾದರೆ ಎತ್ತುವ ಮನಸ್ಸಿಲ್ಲ. ಸತತ ಎರಡು ವರ್ಷವಾದರೂ ಹೀಗೇ ಬಂದು ಹೋಗಿದ್ದರೆ ವೈದ್ಯರು ಇದನ್ನು ಋತುಮಾನದ ಖಿನ್ನತೆ ಎಂದು ಗುರುತಿಸುತ್ತಾರೆ. 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಇದನ್ನು ವಿವರವಾಗಿ ದಾಖಲಿಸಿದರು. ಬೆಳಕನ್ನೇ ಮದ್ದಾಗಿ ಬಳಸಿದ ಮೊದಮೊದಲ ಫಲಿತಾಂಶಗಳೂ ಅದೇ ಲೇಖನದಲ್ಲಿದ್ದವು.

ಇದು ಸೋಮಾರಿತನವಲ್ಲ, ಮನೋಬಲದ ಕೊರತೆಯೂ ಅಲ್ಲ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ವಸ್ತುಗಳನ್ನು ನೋಡುವ ಕೋಶಗಳ ಜೊತೆಗೆ ಹೊತ್ತನ್ನು ಅಳೆಯುವ ಕೋಶಗಳೂ ಇವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಈ ಕೋಶಗಳು ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸಿ, ಮಿದುಳಿನೊಳಗಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಬೆಳಗಿನ ಬಲವಾದ ಬೆಳಕು ಬಿದ್ದರೆ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ತಗ್ಗಿ, ದಿನ ಶುರುವಾಯಿತೆಂದು ದೇಹಕ್ಕೆ ತಿಳಿಯುತ್ತದೆ. ಮೋಡದ ದಿನ ಮನೆಯೊಳಗೇ ಕೂತರೆ ಆ ಸುದ್ದಿ ತಡವಾಗಿಯೋ ಅರೆಬರೆಯಾಗಿಯೋ ತಲುಪುತ್ತದೆ. ಹೊತ್ತೇರಿ ಹತ್ತಾದರೂ ದೇಹಕ್ಕೆ ಇನ್ನೂ ನಸುಕೇ. ಬಹುಪಾಲು ತಜ್ಞರು ಕೊಡುವ ವಿವರಣೆ ಇದು. ಹಾಗಾಗಿ ಬೆಳಕನ್ನು ಔಷಧಿಯಂತೆ ನೋಡಿ: ಎಷ್ಟು, ಎಷ್ಟು ದೂರದಿಂದ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಸರಿಯಾಗಿರಬೇಕು.

ಕಣ್ಣಿಗೆ ಎಷ್ಟು ಬೆಳಕು ಬೀಳುತ್ತಿದೆ?

ಬೆಳಕಿನ ಅಳತೆ ಲಕ್ಸ್. ನಡುಹಗಲಿನ ಬಯಲಲ್ಲಿ ಬಿಸಿಲು ಹತ್ತಿರಹತ್ತಿರ 1,00,000 ಲಕ್ಸ್ ಇರುತ್ತದೆ. ಮೋಡ ಮುಚ್ಚಿದ ಹಗಲಲ್ಲಿ ಹೊರಗೆ 1,000ದಿಂದ 10,000. ದೀಪ ಹಾಕಿದ ಕಚೇರಿಯಲ್ಲಿ 300ರಿಂದ 500, ಮನೆಯ ಕೋಣೆಯಲ್ಲಿ ಎಷ್ಟೋ ಸಲ 100 ಕೂಡ ಇರುವುದಿಲ್ಲ. ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ. ‘ಹೊರಗೂ ಕತ್ತಲೆ, ಒಳಗೂ ಕತ್ತಲೆ’ ಎಂದುಕೊಳ್ಳುತ್ತೇವೆ. ಆದರೆ ಮಂಕು ಹಿಡಿದ ಆಕಾಶದ ಕೆಳಗೂ ಒಳಗಿಗಿಂತ ಹತ್ತಾರು ಪಟ್ಟು ಹೆಚ್ಚು ಬೆಳಕಿರುತ್ತದೆ.

ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಕೂರುವ ಜಾಗದಲ್ಲಿ ಕಣ್ಣಿನ ಎತ್ತರಕ್ಕೆ, ನೀವು ನೋಡುವ ದಿಕ್ಕಿಗೇ ಪರದೆ ತಿರುಗಿಸಿ ಹಿಡಿಯಿರಿ. ಆ ಅಂಕಿ ಕರಾರುವಾಕ್ಕಲ್ಲ, ಆದರೆ ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸಲು ಸಾಕು. ಕಿಟಕಿಯ ಪಕ್ಕ 800 ತೋರಿಸಿದ್ದು ಎರಡು ಹೆಜ್ಜೆ ಹಿಂದೆ ಸರಿದರೆ 200ಕ್ಕೆ ಬಿದ್ದೀತು. ಮೇಜನ್ನು ಕಿಟಕಿಯಿಂದ ಒಂದು ತೋಳಿನಳತೆಗೆ ಎಳೆದು, ಕಿಟಕಿಗೆ ಮುಖ ಮಾಡಿ ಇಲ್ಲವೇ ಓರೆಯಾಗಿ ಕೂತುಕೊಳ್ಳಿ. ಬೆನ್ನು ಹಾಕಿ ಕೂತರೆ ಬೆಳಕು ಮೇಜಿಗೆ ಬೀಳುತ್ತದೆ, ಕಣ್ಣಿಗಲ್ಲ. ಕಿಟಕಿಯ ಪರದೆಯನ್ನು ಗಾಜಿನಿಂದ ಪೂರ್ತಿ ಆಚೆ ಸರಿಸಿ. ಗಾಜಿನ ಮೇಲಿನ ಧೂಳು, ಪಾಚಿಯ ಕಲೆ ತೊಳೆಯಿರಿ. ಇಷ್ಟು ಒಂದು ಗಂಟೆಯ ಕೆಲಸ, ಫಲ ಇಡೀ ಋತುವಿಗೆ.

ಬೆಳಕಿನ ಪೆಟ್ಟಿಗೆ

ಬೆಳಗಿನ ಬೆಳಕಿಗೆ ಬದಲಾಗಿ ಮುಖದ ಮುಂದಿಟ್ಟುಕೊಳ್ಳುವ ಬಲವಾದ ದೀಪ ಇದು. ಹೆಚ್ಚು ಪರೀಕ್ಷೆಗೊಳಗಾದ, ಹೆಚ್ಚು ಜನ ತಪ್ಪಾಗಿ ಬಳಸುವ ಸಾಧನವೂ ಹೌದು. ಕೊಳ್ಳುವಾಗ ಡಬ್ಬದ ಮೇಲೆ ‘10,000 ಲಕ್ಸ್’ ಎಂದಿದ್ದರೆ ಸಾಲದು, ಎಷ್ಟು ದೂರಕ್ಕೆ 10,000 ಎಂದು ನೋಡಿ. ಅಂಗೈಯಗಲದ ದೀಪಗಳು 15 ಸೆಂಟಿಮೀಟರಿನಲ್ಲಿ ಆ ಅಂಕಿ ಮುಟ್ಟಬಹುದು, ಆದರೆ ಮೂಗಿಗೆ ದೀಪ ತಾಗಿಸಿಕೊಂಡು ಅರ್ಧ ಗಂಟೆ ಯಾರೂ ಕೂರಲಾರರು. 30 ಸೆಂಟಿಮೀಟರಿಗಿಂತ ದೂರದಲ್ಲೂ 10,000 ಲಕ್ಸ್ ಕೊಡುವ, ಅಗಲವಾದ, ಮುಂದೆ ಮಂಜುಗಾಜಿನಂಥ ಹೊದಿಕೆಯಿರುವ, ಬಿಳಿ ಬೆಳಕಿನ, ಅತಿನೇರಳೆ ಕಿರಣಗಳನ್ನು ತಡೆಯುವ ಪೆಟ್ಟಿಗೆ ಬೇಕು. ಚರ್ಮ ಕಂದಾಗಿಸುವ ದೀಪ ಅಥವಾ ವಿಟಮಿನ್ ಡಿಗೆಂದು ಮಾರುವ ಅತಿನೇರಳೆ ದೀಪ ಇದಕ್ಕೆ ಸಲ್ಲದು. ಅವು ಕಣ್ಣಿಗೂ ಚರ್ಮಕ್ಕೂ ಹಾನಿ.

ಎದ್ದ ಒಂದು ಗಂಟೆಯೊಳಗೆ, ದಿನವೂ ಅದೇ ಹೊತ್ತಿಗೆ, 30 ನಿಮಿಷ. ಪೆಟ್ಟಿಗೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದು ಮುಖದತ್ತ ಬಾಗಿರಲಿ. ದೀಪವನ್ನೇ ದಿಟ್ಟಿಸಬೇಡಿ. ಕಣ್ಣು ತೆರೆದಿರಲಿ, ತಿಂಡಿ ತಿನ್ನಿ, ಓದಿ, ಬರೆಯಿರಿ. ಬಣ್ಣದ ಕನ್ನಡಕ, ಮುಂಚಾಚಿನ ಟೋಪಿ ಬೇಡ. 5,000 ಲಕ್ಸಿನ ಪೆಟ್ಟಿಗೆಯಾದರೆ ಒಂದು ಗಂಟೆ, 2,500 ಆದರೆ ಎರಡು ಗಂಟೆ ಬೇಕಾಗುತ್ತದೆ.

ಎಡವುವುದು ದೂರದ ವಿಷಯದಲ್ಲಿ. ಮೊದಲ ದಿನ ಅಳೆದು ಕೂತವರು ಎರಡನೇ ವಾರದಲ್ಲಿ ಕುರ್ಚಿಗೆ ಒರಗಿ ಕೂರುತ್ತಾರೆ. ದೂರ ಇಮ್ಮಡಿಯಾದರೆ ಬೆಳಕು ಅರ್ಧಕ್ಕಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದಾಗ ಅರ್ಧ ಗಂಟೆ ಕೂತದ್ದೂ ದಂಡ. ಇದಕ್ಕೊಂದು ಸರಳ ಉಪಾಯವಿದೆ: ತಯಾರಕರು ಹೇಳಿದ ದೂರಕ್ಕೆ ಸರಿಯಾಗಿ ಒಂದು ದಾರ ಕತ್ತರಿಸಿ ಪೆಟ್ಟಿಗೆಯ ಅಂಚಿಗೆ ಕಟ್ಟಿ. ಕೂತಾಗಲೊಮ್ಮೆ, ನಡುವೆ ಒಮ್ಮೆ, ಅದರ ತುದಿಯನ್ನು ಹುಬ್ಬಿನವರೆಗೆ ಎಳೆದು ನೋಡಿ. ದಾರ ಮುಟ್ಟದಿದ್ದರೆ ಕುರ್ಚಿ ಮುಂದೆ ಬರಬೇಕು.

ತಲೆನೋವು, ಕಣ್ಣುರಿ, ವಾಕರಿಕೆ ಕಾಣಿಸಿಕೊಂಡರೆ ಮೂರ್ನಾಲ್ಕು ದಿನ ಸಮಯವನ್ನು 15 ನಿಮಿಷಕ್ಕೆ ಇಳಿಸಿ, ಆಮೇಲೆ ನಿಧಾನಕ್ಕೆ ಏರಿಸಿ. ರಾತ್ರಿ ನಿದ್ದೆ ಹತ್ತದಿದ್ದರೆ ನೀವು ತಡವಾಗಿ ಕೂರುತ್ತಿದ್ದೀರಿ ಎಂದರ್ಥ. ಸಂಜೆಯ ಹೊತ್ತು ಪೆಟ್ಟಿಗೆಯ ಮುಂದೆ ಕೂರಲೇಬಾರದು. ನಸುಕಿನ ಮೂರಕ್ಕೇ ಎಚ್ಚರವಾಗತೊಡಗಿದರೆ ಬೆಳಗಿನ ಸಮಯವನ್ನು ಸ್ವಲ್ಪ ಮುಂದಕ್ಕೆ ಹಾಕಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗುಣ ಕಾಣುತ್ತದೆ. ಗುಣ ಕಂಡಿತೆಂದು ನಿಲ್ಲಿಸಬೇಡಿ. ಋತು ಮುಗಿಯುವ ಮೊದಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ಹಳೆಯ ಭಾರ ಮರಳಬಹುದು.

ಕೆಲವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು. ಅಕ್ಷಿಪಟಲದ ಕಾಯಿಲೆಯಿರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರು, ಡಾಕ್ಸಿಸೈಕ್ಲಿನ್, ಲಿಥಿಯಂ, ಕ್ಲೋರ್‌ಪ್ರೊಮಝೀನ್‌ನಂಥ ಔಷಧಿ ತೆಗೆದುಕೊಳ್ಳುತ್ತಿರುವವರು ಮೊದಲು ಕೇಳಲಿ. ಬೈಪೋಲಾರ್, ಅಂದರೆ ಮನಸ್ಸು ಖಿನ್ನತೆ ಮತ್ತು ಉನ್ಮಾದಗಳ ನಡುವೆ ಓಲಾಡುವ ಕಾಯಿಲೆ, ಇರುವವರು ಇನ್ನೂ ಜಾಗ್ರತೆ ವಹಿಸಬೇಕು. ಬೆಳಕು ಅವರನ್ನು ಖಿನ್ನತೆಯಿಂದ ಎತ್ತಿ ಉನ್ಮಾದಕ್ಕೆ ದಾಟಿಸಬಲ್ಲದು. ಮೂರು ಗಂಟೆ ಮಲಗಿಯೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ಹಣ ನೀರಿನಂತೆ ಖರ್ಚಾಗುತ್ತಿದೆ ಎಂದು ಮನೆಯವರಿಗೆ ಅನ್ನಿಸಿದರೆ ಪೆಟ್ಟಿಗೆಯನ್ನು ಅಂದೇ ಆರಿಸಿ ವೈದ್ಯರ ಬಳಿ ಹೋಗಿ.

ಏಳುವುದೇ ಕಷ್ಟವಾದವರಿಗೆ ಬೆಳಗಿನ ಅಲಾರಂ ದೀಪ ಒಳ್ಳೆಯ ಜೊತೆ. ಏಳುವ ಹೊತ್ತಿಗೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮೊದಲೇ ಹೊತ್ತಿ, ಸೂರ್ಯೋದಯದಂತೆ ನಿಧಾನಕ್ಕೆ ಬೆಳಕು ಏರಿಸುತ್ತದೆ. ರಾತ್ರಿ ಇದರ ತದ್ವಿರುದ್ಧ: ಮಲಗುವ ಎರಡು ಗಂಟೆ ಮೊದಲಿಂದ ದೀಪ ತಗ್ಗಿಸಿ, ಫೋನ್ ಬದಿಗಿಡಿ. ಏಳುವ ಸಮಯ ಮಾತ್ರ ರಜಾದಿನವೂ ಬದಲಾಗಬಾರದು.

ಮಳೆಯಲ್ಲೂ ಹೊರಗೆ

ಪೆಟ್ಟಿಗೆ ಇಲ್ಲದವರು ಇಲ್ಲಿಂದಲೇ ಆರಂಭಿಸಬಹುದು. ಎದ್ದ ಎರಡು ಗಂಟೆಯೊಳಗೆ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ದಟ್ಟವಾಗಿದ್ದರೆ ಒಂದು ಗಂಟೆ. ಮಳೆ ನಿಲ್ಲಲಿ ಎಂದು ಕಾದರೆ ಹೊತ್ತು ಜಾರಿ ಮಧ್ಯಾಹ್ನವಾಗುತ್ತದೆ. ಗುಡುಗು ಮಿಂಚಿದ್ದರೆ ಮಾತ್ರ ಒಳಗಿರಿ.

ಜನರನ್ನು ಮನೆಯಲ್ಲಿ ಕೂರಿಸುವುದು ಮಳೆಗಿಂತ ಹೆಚ್ಚಾಗಿ ಒದ್ದೆ ಕಾಲು. ಎರಡು ಜೊತೆ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ನೆನೆದ ಶೂವಿನ ಲೇಸ್ ಬಿಚ್ಚಿ, ನಾಲಿಗೆ ಹೊರಗೆಳೆದು, ಒಳಗಿನ ಮೆತ್ತೆಯನ್ನು ಬೇರೆಯಾಗಿ ನಿಲ್ಲಿಸಿ. ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ಬೆರಳ ತುದಿಯವರೆಗೆ ತುಂಬಿ. ಒಂದು ಗಂಟೆಯಲ್ಲಿ ಕಾಗದ ತೊಯ್ದು ಭಾರವಾಗಿರುತ್ತದೆ, ತೆಗೆದು ಒಣ ಕಾಗದ ತುಂಬಿ, ಮಲಗುವ ಮುಂಚೆ ಮತ್ತೊಮ್ಮೆ ಬದಲಿಸಿ. ಬೇಗ ಒಣಗಲಿ ಎಂದು ಹೀಟರಿನ ಮುಂದಿಟ್ಟರೆ ಅಂಟು ಬಿಟ್ಟು ಅಡಿ ಕಿತ್ತುಬರುತ್ತದೆ. ಮಳೆಕೋಟು, ಒಣ ಸಾಕ್ಸ್, ಕೊಡೆ ಮೂರನ್ನೂ ರಾತ್ರಿಯೇ ಬಾಗಿಲ ಬಳಿ ಇಡಿ. ಖಿನ್ನತೆಯ ಬೆಳಗಿನಲ್ಲಿ ಸಾಕ್ಸ್ ಹುಡುಕುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ಕೊಡೆಯಾದರೆ ಪಾರದರ್ಶಕವಾದದ್ದು ಕೊಳ್ಳಿ. ಕರಿ ಕೊಡೆ ತಲೆಯ ಮೇಲಿನ ಆಕಾಶವನ್ನೇ ಮುಚ್ಚುತ್ತದೆ, ಮೋಡದ ದಿನ ಬೆಳಕು ಬರುವುದೇ ಅಲ್ಲಿಂದ.

ಮನಸ್ಸು ಬರಲಿ ಎಂದು ಕಾಯಬೇಡಿ

ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಕೆಲಸ ಶುರುವಾದ ಮೇಲೆ, ಅದೂ ತಡವಾಗಿ, ಹಿಂದಿನಿಂದ ಬರುತ್ತದೆ. ಹಿಂದಿನ ರಾತ್ರಿಯೇ ಮೂರು ಕೆಲಸಗಳನ್ನು ಗಂಟೆ ಸಮೇತ ಬರೆದಿಡಿ: ಒಂದು ದೇಹಕ್ಕೆ, ಒಂದು ಜನರ ಜೊತೆಗೆ, ಒಂದು ಕೈಗೆ ಹಿಡಿಸುವಂಥದ್ದು. ‘ವ್ಯಾಯಾಮ ಮಾಡಬೇಕು’ ಎಂದು ಬರೆದರೆ ಆಗುವುದಿಲ್ಲ. ‘7.30ಕ್ಕೆ ಶೂ ಹಾಕಿ ಬೀದಿಯ ತುದಿಯವರೆಗೆ’ ಎಂದು ಬರೆಯಿರಿ. ಮಾಡುವ ಮೊದಲು ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಮುಗಿದ ಮೇಲೆ ಎಷ್ಟು ಎಂದು ಗುರುತು ಹಾಕಿ. 2 ಇದ್ದದ್ದು 3 ಆದರೂ ಅದು ನಿಮ್ಮದೇ ಬರಹದಲ್ಲಿರುವ ಸಾಕ್ಷಿ. ‘ಈ ಹವೆಯಲ್ಲಿ ಏನೂ ಸಾಧ್ಯವಿಲ್ಲ’ ಎಂಬ ಯೋಚನೆ ಬಂದಾಗ ಆ ಬರಹವನ್ನು ತೆಗೆದು ನೋಡಿ.

ಇದೇ ದಾರಿಯನ್ನು ತಜ್ಞರ ಜೊತೆ ಕ್ರಮಬದ್ಧವಾಗಿ ನಡೆಯುವುದೇ ಅರಿವಿನ ವರ್ತನಾ ಚಿಕಿತ್ಸೆ. ಮನಶ್ಶಾಸ್ತ್ರಜ್ಞೆ ಕೆಲ್ಲಿ ರೋಹನ್ ಅವರು ಋತುಮಾನದ ಖಿನ್ನತೆಗೆಂದೇ ರೂಪಿಸಿದ ಕ್ರಮದಲ್ಲಿ ವಾರಕ್ಕೆ ಎರಡು ಸಲದಂತೆ ಆರು ವಾರಗಳ ಭೇಟಿಯಿದೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಎರಡನೇ ಚಳಿಗಾಲದ ಹೊತ್ತಿಗೆ ಬೆಳಕಿನ ಚಿಕಿತ್ಸೆ ಪಡೆದವರಿಗಿಂತ ಈ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಬೆಳಕು ಈ ವಾರಕ್ಕೆ ಆಸರೆ, ಕಲಿತ ಅಭ್ಯಾಸ ಮುಂದಿನ ವರ್ಷಗಳಿಗೆ. ಎರಡೂ ಸಿಗುವಂತಿದ್ದರೆ ಎರಡನ್ನೂ ಹಿಡಿಯಿರಿ.

ಮದ್ಯ ಬೇಡ, ಅದು ನಿದ್ದೆಯನ್ನೂ ಮರುದಿನದ ಮನಸ್ಸನ್ನೂ ಕೆಡಿಸುತ್ತದೆ. ವಿಟಮಿನ್ ಡಿ ಕೊರತೆಯಿದ್ದರೆ ಪರೀಕ್ಷಿಸಿ ತುಂಬಿಕೊಳ್ಳಿ, ಆದರೆ ಆ ಮಾತ್ರೆಯೊಂದೇ ಈ ಖಿನ್ನತೆಯನ್ನು ಇಳಿಸುತ್ತದೆಂದು ನಂಬಿ ಕೂರಬೇಡಿ.

ವೈದ್ಯರ ಬಳಿ ಯಾವಾಗ?

ಖಿನ್ನತೆ ಎಷ್ಟಿದೆಯೆಂದು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಎರಡು ವಾರಕ್ಕೊಮ್ಮೆ ತುಂಬಿ ದಿನಾಂಕ ಹಾಕಿ ಇಡಿ. ಒಟ್ಟು ಅಂಕ 27. 10 ಅಥವಾ ಮೇಲೆ ಬಂದರೆ, ಬೆಳಕಿನಿಂದ ಮೂರು ವಾರವಾದರೂ ಬದಲಾವಣೆ ಕಾಣದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಇದೇ ವೇಷದಲ್ಲಿ ಬರುತ್ತವೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಫ್ಲೂಆಕ್ಸೆಟೀನ್, ಸರ್ಟ್ರಾಲೀನ್‌ನಂಥ ಖಿನ್ನತೆಯ ಔಷಧಿಗಳು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ತಟ್ಟನೆ ನಿಲ್ಲಿಸಬಾರದು. ಋತುವಿಗೆ ಮುಂಚೆಯೇ ತೆಗೆದುಕೊಂಡು ಕಾಯಿಲೆ ತಡೆಯಲು ಬುಪ್ರೊಪಿಯಾನ್ ಎಂಬ ಇನ್ನೊಂದು ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಪಟ್ಟಿಯ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಇಲ್ಲ’ ಅಲ್ಲದ ಯಾವ ಉತ್ತರವಿದ್ದರೂ ಒಟ್ಟು ಅಂಕ ಎಷ್ಟೆಂದು ಲೆಕ್ಕ ಹಾಕಬೇಡಿ. ಅಂದೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ, ಸಹಾಯವಾಣಿಗೆ ಕರೆ ಮಾಡಿ ಇಲ್ಲವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಈ ವರ್ಷ ಭಾರ ಯಾವ ವಾರ ಶುರುವಾಯಿತೆಂದು ಈಗಲೇ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಅದಕ್ಕಿಂತ ಎರಡು ವಾರ ಮುಂಚಿನ ದಿನಕ್ಕೆ ಗುರುತು ಹಾಕಿ. ಆ ದಿನ ಪೆಟ್ಟಿಗೆಯ ಧೂಳು ಒರೆಸಿ, ದಾರ ಕಟ್ಟಿ, ಬೆಳಗಿನ ಅರ್ಧ ಗಂಟೆಯನ್ನು ಶುರು ಮಾಡಿ, ಮನಸ್ಸು ಹಗುರವಾಗಿಯೇ ಇದ್ದರೂ.