ಕ್ಲೀನಪ್ ಬಾವಿಲಿ ಲೋಳೆ ಕಟ್ಟಿದ್ರೆ ಏನ್ ಮಾಡ್ಬೇಕು

ಪೆಟ್ರೋಲ್ ಟ್ಯಾಂಕ್ ಸೋರಿ ಅಂತರ್ಜಲ ಕೆಟ್ಟಿರೋ ಕಡೆ ನೀರೆತ್ತಿ ಶುದ್ಧ ಮಾಡೋಕೆ ಕೊರೆದ ಬೋರಲ್ಲಿ ನೀರು ಕಮ್ಮಿ ಆಯ್ತು ಅಂದ ತಕ್ಷಣ ಪಂಪ್ ಬದಲಾಯಿಸ್ಬೇಡಿ, ಮೊದ್ಲು ಪಂಪ್ ಎತ್ತಿ ನೋಡಿ. ಪೈಪಿಗೆ ಕಿತ್ತಳೆ ಬಣ್ಣದ ಲೋಳೆ ಅಂಟಿದ್ದು, ಬೆರಳಲ್ಲಿ ಉಜ್ಜಿದ್ರೆ ಜಾರ್ತಾ ಇದ್ರೆ ಅದು ಹೆಚ್ಚಾಗಿ ಗ್ಯಾಲಿಯೊನೆಲ್ಲಾ ಥರದ ಕಬ್ಬಿಣದ ಬ್ಯಾಕ್ಟೀರಿಯಾ ಕೆಲ್ಸ.

ಲೆಕ್ಕ ಬರೆದಿಡಿ ದಯವಿಟ್ಟು. ನಿಮಿಷಕ್ಕೆ 60 ಲೀಟರ್ ಎತ್ತುವಾಗ ಮೊದ್ಲು ಮಟ್ಟ 3 ಮೀಟರ್ ಇಳೀತಿತ್ತು, ಈಗ 5 ಮೀಟರ್ ಇಳಿಯುತ್ತೆ ಅಂದ್ರೆ ಇಳಿದ ಒಂದೊಂದು ಮೀಟರಿಗೆ 20 ಲೀಟರ್ ಸಿಗ್ತಿದ್ದಿದ್ದು 12ಕ್ಕೆ ಬಂತು, ಇಷ್ಟೊತ್ತಿಗೆ ತಡ ಆಗಿರುತ್ತೆ, ಶೇ. 10-15 ಕುಸಿದಾಗ್ಲೇ ಕ್ಲೀನ್ ಮಾಡಿದ್ರೆ ಸುಲಭ.

ಬರೀ ಕ್ಲೋರಿನ್ ಸುರಿದ್ರೆ ಸಾಲಲ್ಲ, ಮೇಲಿನ ಪದರ ಸತ್ತು ಒಳಗಿಂದು ಹಾಗೇ ಉಳಿಯುತ್ತೆ. ಮೊದ್ಲು ಬ್ರಷ್ ಹಾಕಿ ಸ್ಕ್ರೀನ್ (ನೀರು ಒಳಗೆ ಬರೋ ಸೀಳಿರೋ ಪೈಪ್) ಉಜ್ಜಿ ಗಲೀಜು ಹೊರಗೆ ತೆಗೀರಿ, ಆಮೇಲೆ ಔಷಧಿ (ಆಸಿಡ್ ಇಲ್ಲಾ ಕ್ಲೋರಿನ್) ಹಾಕಿ ಸರ್ಜ್ ಬ್ಲಾಕಲ್ಲಿ (ಪೈಪೊಳಗೆ ನೀರು ತಳ್ಳಿ ಎಳೆಯೋ ಬಿರಡೆ ಥರದ್ದು) ಮೇಲೆ ಕೆಳಗೆ ಆಡಿಸಿ ಸ್ಕ್ರೀನ್ ಸುತ್ತ ತುಂಬಿರೋ ಜಲ್ಲಿ ಒಳಗೂ ನುಗ್ಗಿಸಿ. ಆಸಿಡ್ಡೂ ಕ್ಲೋರಿನ್ನೂ ಯಾವತ್ತೂ ಒಟ್ಟಿಗೆ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ, ಜೀವಕ್ಕೇ ಅಪಾಯ. ಕೆಟ್ಟ ನೀರಲ್ಲಿ ಕ್ಲೋರಿನ್ ಹಾಕಿದ್ರೆ ಕ್ಲೋರೋಫಾರ್ಮ್ ಥರದ್ದು ಹುಟ್ಟಬಹುದು, ಅದ್ಕೇ ಮೊದ್ಲೇ ಕೆಮಿಸ್ಟ್ ಹತ್ರ ಕೇಳಿ.

ತೊಳೆದ ನೀರು ಚರಂಡಿಗೆ ಬಿಡಲೇಬೇಡಿ, ಅದ್ರಲ್ಲಿ ಪೆಟ್ರೋಲಿನ ಬೆಂಜೀನ್ ಇರುತ್ತೆ. ಟ್ಯಾಂಕಲ್ಲಿ ಹಿಡಿದು, ಆಸಿಡ್ ಕ್ಲೋರಿನ್ ಕಳೆದು, ಆಮೇಲೆ ಟ್ರೀಟ್‌ಮೆಂಟಿಗೆ ಕಳಿಸಿ.

ಮತ್ತೆ ಕಟ್ಟೇ ಕಟ್ಟುತ್ತೆ, ಯಾಕಂದ್ರೆ ಪೆಟ್ರೋಲೇ ಆ ನೆಲದ ಬ್ಯಾಕ್ಟೀರಿಯಾಗಳಿಗೆ ಊಟ. ನೀರಿನ ಮಟ್ಟ ಸ್ಕ್ರೀನಿನ ಮೇಲ್ತುದಿಗಿಂತ ಕೆಳಗಿಳಿದು ಗಾಳಿ ತಾಗದ ಹಾಗೆ ನಿಧಾನಕ್ಕೆ ಎತ್ತಿ, ಸ್ವಲ್ಪ ಜಾಸ್ತಿ ದಿನ ತಡೆಯುತ್ತೆ.