ಅಕ್ಕನಿಗಾಗಿ ಮಾಡಿದ ಎದೆಪಟ್ಟಿ

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಎಲ್ಲ ಕಡೆ ಒಬ್ಬಳೇ ಓಡಾಡುತ್ತಾಳೆ. ಒಂದು ಸಂಜೆ ಹಣೆ ಊದಿಸಿಕೊಂಡು ಬಂದಳು. ದಾರಿಯಲ್ಲಿ ಲಾರಿ ನಿಂತಿತ್ತಂತೆ. ಕೋಲು ಅದರ ಅಡಿಗೆ ಸಲೀಸಾಗಿ ಹೋಗಿದೆ, ಏಟು ತಲೆಗೆ ಬಿದ್ದಿದೆ. "ಕೋಲು ನೆಲ ನೋಡುತ್ತೆ ಕಣೋ, ತಲೆ ನೋಡೋದು ಯಾರು?" ಅಂದಳು.

ತಲೆಗೆ ಬಡಿಯುವಂಥದ್ದು ಎದುರಾದರೆ ಮೊದಲೇ ಎಚ್ಚರಿಸುವ ಸಾಧನ ಮಾಡೋಣ ಅಂತ ಅಲ್ಟ್ರಾಸಾನಿಕ್ ಸೆನ್ಸರ್, ಆರ್ಡುಯಿನೊ ನ್ಯಾನೊ (ಪ್ರೋಗ್ರಾಮ್ ಬರೆದು ಹಾಕಬಹುದಾದ ಪುಟ್ಟ ಬೋರ್ಡ್) ಮತ್ತು ಬೀಪ್ ಅನ್ನುವ ಒಂದು ಬಜರ್ ತಂದು ಕೂತೆ. ಸೆನ್ಸರ್ ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದು ಬಿಡುತ್ತದೆ. ಎದುರಿಗಿರುವುದಕ್ಕೆ ಬಡಿದು ಅದು ವಾಪಸ್ ಬರುವ ಹೊತ್ತನ್ನು ಅಳೆಯಬೇಕು. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸುಮಾರು 5.8 ಮಿಲಿಸೆಕೆಂಡು ಸಾಕು. ಈ ಲೆಕ್ಕ ಸುಲಭ. ಕಷ್ಟವೆಲ್ಲ ಆಮೇಲೆ ಬಂತು.

ಬಜರನ್ನು ಅಕ್ಕ ಹತ್ತೇ ನಿಮಿಷಕ್ಕೆ ಬಿಚ್ಚಿಟ್ಟಳು. "ನನ್ನ ಕಿವೀನೇ ಕಿತ್ಕೊಂಡ್ಯಲ್ಲೋ!" ಗಾಡಿ ಯಾವ ಕಡೆಯಿಂದ ಬರುತ್ತಿದೆ, ಪಕ್ಕದ ಗೋಡೆ ಎಲ್ಲಿ ಮುಗಿಯಿತು, ಎಲ್ಲವೂ ಅವಳಿಗೆ ಗೊತ್ತಾಗುವುದು ಕಿವಿಯಿಂದಲೇ ಅಲ್ವಾ? ಅದು ನನಗೆ ಹೊಳೆದೇ ಇರಲಿಲ್ಲ.

ಬಜರ್ ತೆಗೆದು ಫೋನಿನಲ್ಲಿರುವಂಥ ಪುಟ್ಟ ವೈಬ್ರೇಶನ್ ಮೋಟಾರ್ ಹಾಕಿದೆ. ಮೋಟಾರನ್ನು ನೇರವಾಗಿ ಬೋರ್ಡಿನ ಪಿನ್ನಿಗೆ ಜೋಡಿಸಬೇಡಿ, ಬೋರ್ಡ್ ಸುಟ್ಟೀತು. ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಇರಲಿ, ಮೋಟಾರ್ ನಿಂತಾಗ ಹಿಂದಕ್ಕೆ ಚಿಮ್ಮುವ ವಿದ್ಯುತ್ತಿನಿಂದ ಕಾಪಾಡಲು ಮೋಟಾರಿಗೆ ಅಡ್ಡಲಾಗಿ ಡಯೋಡ್ ಇರಲಿ. ಮೊದಲು ಮಣಿಕಟ್ಟಿಗೆ ಕಟ್ಟಿದೆ. ಕೈ ಬೀಸಿದಾಗಲೆಲ್ಲ ಸೆನ್ಸರ್ ಅವಳ ಸೀರೆಯನ್ನೋ ಆಕಾಶವನ್ನೋ ನೋಡುತ್ತಿತ್ತು. ಸುಮ್ನೆ ನಡುಗುತ್ತಿತ್ತು. ಎದೆಗೆ ಪಟ್ಟಿ ಹಾಕಿ, ಸೆನ್ಸರನ್ನು ಚೂರು ಮೇಲಕ್ಕೆ ವಾಲಿಸಿದ ಮೇಲೆ ಸರಿಹೋಯಿತು.

ಹತ್ತಿರವಾದಷ್ಟೂ ಜೋರಾಗಿ ನಡುಗಲಿ ಅಂತ ಪ್ರೋಗ್ರಾಮ್ ಬರೆದಿದ್ದೆ. ನಡೆಯುವಾಗ ಜೋರು, ಮೆಲ್ಲ ಅನ್ನುವ ವ್ಯತ್ಯಾಸ ಅವಳಿಗೆ ತಿಳಿಯಲಿಲ್ಲ. ಬಿಟ್ಟು ಬಿಟ್ಟು ನಡುಗುವಂತೆ ಮಾಡಿ, ಹತ್ತಿರವಾದಂತೆ ಬೇಗ ಬೇಗ ಬಡಿಯುವಂತೆ ಬದಲಿಸಿದೆ. ತಕ್ಷಣ ಹಿಡಿದಳು. ಸೆನ್ಸರ್ ನಾಲ್ಕು ಮೀಟರ್‌ವರೆಗೂ ಅಳೆಯುತ್ತದೆ, ಆದರೆ ಜನ ಜಾಸ್ತಿ ಇರುವಲ್ಲಿ ಬಡಿತ ನಿಲ್ಲುವುದೇ ಇಲ್ಲ. ಅದಕ್ಕೇ 120 ಸೆಂಟಿಮೀಟರಿಗೆ ಮಿತಿ ಹಾಕಿದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಇದನ್ನು ಕಟ್ಟಿಕೊಂಡು ಕೋಲು ಬಿಡಬಾರದು. ಗುಂಡಿ, ಇಳಿಯುವ ಮೆಟ್ಟಿಲು ಇದಕ್ಕೆ ಕಾಣುವುದಿಲ್ಲ. ಓರೆಯಾಗಿ ತೆರೆದ ಗಾಜಿನ ಬಾಗಿಲು ಸದ್ದನ್ನು ಬೇರೆಲ್ಲಿಗೋ ತಿರುಗಿಸುತ್ತದೆ. ದಪ್ಪ ಬಟ್ಟೆ ಸದ್ದನ್ನು ನುಂಗುತ್ತದೆ.

ಈಗ ಎರಡನೇ ಸೆನ್ಸರ್ ಸೇರಿಸಿದ್ದೇನೆ. ಒಂದರ ಸದ್ದು ಇನ್ನೊಂದಕ್ಕೆ ಕೇಳಿ ಲೆಕ್ಕ ತಪ್ಪುತ್ತಿತ್ತು. 60 ಮಿಲಿಸೆಕೆಂಡ್ ಬಿಟ್ಟು ಒಂದಾದ ಮೇಲೊಂದು ಓಡಿಸಿದರೆ ತೊಂದರೆಯಿಲ್ಲ. ಪಟ್ಟಿ ಬೆವರಿಗೆ ಕಡಿಯುತ್ತದಂತೆ. ಹತ್ತಿಯದು ಹೊಲಿಯಲು ಅಕ್ಕನೇ ಅಳತೆ ಕೊಟ್ಟಿದ್ದಾಳೆ.